ಅರ್ಧ ಲೋಟ ಚಹಾ

ಕಳೆದ ಮಂಗಳವಾರ ಬೆಳಗ್ಗೆ ಮೆಜೆಸ್ಟಿಕ್‌ನಿಂದ ನಿಮ್ಹಾನ್ಸ್‌ಗೆ ನಮ್ಮನ್ನು ಕರೆತಂದ ಆಟೋ ಚಾಲಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಸರು ಕೇಳುವಷ್ಟು ವ್ಯವಧಾನ ಅಂದು ನನಗಿರಲಿಲ್ಲ.

ಅಣ್ಣನ ಕುಡಿತ ಹನ್ನೊಂದು ವರ್ಷದ್ದು. ಹಿಂದಿನ ರಾತ್ರಿ ಅಮ್ಮ, ಅತ್ತಿಗೆ, ಸೋದರಮಾವ ಎಲ್ಲರೂ ಕುಳಿತು, ಒಬ್ಬೊಬ್ಬರಾಗಿ, ಬೈಯದೆ ಮನಸ್ಸಿನಲ್ಲಿದ್ದುದನ್ನು ಹೇಳಿದ್ದೆವು. (ಮಾವ ಬೈಯದೆ ಮಾತನಾಡಿದ್ದೇ ಒಂದು ಪವಾಡ.) ಅಣ್ಣ ಒಪ್ಪಿದ್ದ. ಆದರೆ ಹೊಸೂರು ರಸ್ತೆಯ ಆ ಗೇಟು ಕಂಡೊಡನೆ ಆಟೋದ ಕಂಬಿ ಹಿಡಿದು ಕುಳಿತುಬಿಟ್ಟ. "ನನಗೇನು ಹುಚ್ಚೇ? ವಾಪಸ್ ನಡಿ" ಎಂದ. ನನಗೆ ಅಳು ಬಂತು.

ಚಾಲಕರು ಮೀಟರ್ ನಿಲ್ಲಿಸಿ ಇಳಿದು ಹೋದರು. ಬೇಸತ್ತಿರಬೇಕು ಎಂದುಕೊಂಡೆ. ಮೂರು ಲೋಟ ಚಹಾ ಹಿಡಿದು ಬಂದರು. ಅಣ್ಣನ ಲೋಟದಲ್ಲಿ ಮಾತ್ರ ಅರ್ಧವೇ ಇತ್ತು. ನಡುಗುವ ಕೈಯಿಂದ ಚೆಲ್ಲಬಾರದೆಂದು.

"ನನ್ನ ಕೈಯೂ ಹೀಗೇ ಕುಣಿಯುತ್ತಿತ್ತು ಸಾರ್. ಮನೆಯಲ್ಲೇ ಒಮ್ಮೆಲೇ ಬಿಡಲು ಹೋಗಿ ಫಿಟ್ಸ್ ಬಂತು. ಆಮೇಲೆ ಇಲ್ಲೇ ಸೇರಿದೆ, ನಡುಕಕ್ಕೆ ಔಷಧ ಕೊಟ್ಟರು. ಕೊನೆಯ ಸಲ ಯಾವಾಗ ಕುಡಿದಿರಿ, ಎಷ್ಟು ಕುಡಿದಿರಿ ಎಂಬುದನ್ನು ಮಾತ್ರ ಡಾಕ್ಟರಿಗೆ ಸುಳ್ಳು ಹೇಳಬೇಡಿ" ಎಂದರು. ಬೇರೆ ಉಪದೇಶ ಮಾಡಲಿಲ್ಲ.

ಅಣ್ಣ ಚಹಾ ಮುಗಿಸಿ, ಚಪ್ಪಲಿ ಸರಿಪಡಿಸಿಕೊಂಡು ಇಳಿದ. ನೋಂದಣಿಯ ಸರತಿಯವರೆಗೂ ಅವರೇ ನಮ್ಮ ಚೀಲ ಹೊತ್ತು ಬಂದರು. ಕಾದದ್ದಕ್ಕೆ ಹಣ ಕೊಡಹೋದರೆ ಮೀಟರ್‌ನಲ್ಲಿದ್ದಷ್ಟನ್ನೇ ಎಣಿಸಿ ತೆಗೆದುಕೊಂಡರು.

ಅಣ್ಣ ಈಗ ವಾರ್ಡಿನಲ್ಲಿದ್ದಾನೆ. "ಆ ಆಟೋದವರು ಮತ್ತೆ ಸಿಕ್ಕರೇ?" ಎಂದು ನಿನ್ನೆ ಕೇಳಿದ. ಸ್ವಾಮಿ, ಇದು ನಿಮ್ಮ ಕಣ್ಣಿಗೆ ಬಿದ್ದರೆ, ಮೂರು ಚಹಾದ ದುಡ್ಡು ನಮ್ಮಲ್ಲಿ ಬಾಕಿಯಿದೆ.