ಚಿನ್ನ ಸಿಕ್ಕಿತಾ ಅಂತ ಕೇಳಿದ್ದಿರಲ್ಲ

ಕಲ್‌ಗೂರ್ಲಿ, ಪಶ್ಚಿಮ ಆಸ್ಟ್ರೇಲಿಯಾ
ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ಫೋನ್ ಮಾಡಿದಾಗಲೆಲ್ಲ ಅಪ್ಪ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಚಿನ್ನ ಸಿಕ್ಕಿತಾ?" ನಾನು ಇಲ್ಲ ಅನ್ನುತ್ತೇನೆ. ಆಮೇಲೆ ಎರಡು ಕ್ಷಣ ಸದ್ದಿಲ್ಲ. "ಹಾಗಾದರೆ ಇವಳು ಎರಡು ವರ್ಷದಿಂದ ಅಲ್ಲಿ ಮಾಡುತ್ತಿರುವುದಾದರೂ ಏನು" ಅಂತ ನೀವು ಯೋಚಿಸುವುದು ನನಗೆ ಇಲ್ಲಿಗೇ ಕೇಳಿಸುತ್ತದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಈ ಕಾಗದ.

ನಿಜ ಹೇಳಬೇಕೆಂದರೆ, ನನ್ನ ಕೆಲಸ ಬಹುಪಾಲು ಚಿನ್ನ ಎಲ್ಲಿಲ್ಲ ಅಂತ ಹೇಳುವುದು. ಸಂಬಳ ಕೊಡುವುದೂ ಅದಕ್ಕೇ. ತಪ್ಪು ಜಾಗದಲ್ಲಿ ಗಣಿ ತೋಡುವ ಖರ್ಚಿನ ಮುಂದೆ ನನ್ನ "ಇಲ್ಲ" ತುಂಬಾ ಅಗ್ಗ.

ಮೊದಲು ಹೀಗಿರಲಿಲ್ಲ. 1893ರಲ್ಲಿ ಪ್ಯಾಡಿ ಹ್ಯಾನನ್ ಮತ್ತು ಅವನ ಇಬ್ಬರು ಜೊತೆಗಾರರು ಇಲ್ಲಿ ನೆಲದ ಮೇಲೇ ಚಿನ್ನ ಕಂಡರು. ಊರು ಹುಟ್ಟಿದ್ದೇ ಹಾಗೆ. ಈಗ ಊರ ಅಂಚಿನಲ್ಲೇ ಸೂಪರ್ ಪಿಟ್ ಅನ್ನುವ ತೆರೆದ ಗಣಿ ಇದೆ. ಸುಮಾರು 3.5 ಕಿಲೋಮೀಟರ್ ಉದ್ದ, 1.5 ಕಿಲೋಮೀಟರ್ ಅಗಲ, 600 ಮೀಟರಿಗೂ ಜಾಸ್ತಿ ಆಳ. ಅಂಚಿನಲ್ಲಿ ನಿಂತು ನೋಡಿದರೆ ಕೆಳಗಿನ ದೈತ್ಯ ಲಾರಿಗಳು ಇರುವೆಗಳ ಹಾಗೆ ಕಾಣುತ್ತವೆ.

ಆ ಕಾಲದ ಒಂದು ಕಥೆಯನ್ನು ಇಲ್ಲಿನವರು ಈಗಲೂ ನಗುತ್ತಾ ಹೇಳುತ್ತಾರೆ. ಚಿನ್ನ ಟೆಲ್ಯೂರಿಯಂ ಅನ್ನುವ ಧಾತುವಿನ ಜೊತೆ ಸೇರಿಕೊಂಡ ಅದಿರು ಇಲ್ಲಿ ಜಾಸ್ತಿ. ಅದು ಚಿನ್ನದ ಹಾಗೆ ಕಾಣುವುದಿಲ್ಲ. ಮೊದಲಿನವರು ಕೆಲಸಕ್ಕೆ ಬಾರದ ಕಲ್ಲು ಅಂದುಕೊಂಡು ಅದನ್ನು ರಸ್ತೆ ಗುಂಡಿಗೆ ತುಂಬಿದರಂತೆ. 1896ರಲ್ಲಿ ಅದರೊಳಗೆ ಚಿನ್ನ ಇದೆ ಅಂತ ಗೊತ್ತಾದಾಗ ಜನ ರಸ್ತೆಯನ್ನೇ ಅಗೆದರಂತೆ! ನನಗೆ ಮಾತ್ರ ಈ ಕಥೆ ಕೇಳಿದಾಗ ಸ್ವಲ್ಪ ಭಯ ಆಗುತ್ತದೆ. ತಪ್ಪು "ಇಲ್ಲ" ಎಷ್ಟು ದುಬಾರಿ, ಅಲ್ವಾ?

ಈಗ ಮೇಲೆ ಕಾಣುವ ಚಿನ್ನ ಬಹುಪಾಲು ಮುಗಿದಿದೆ. ಕೆಳಗಿನ ಕಲ್ಲು ನಮ್ಮ ಹಟ್ಟಿ, ಕೋಲಾರದ ಕಲ್ಲಿನ ಜಾತಿಯದೇ, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. ಆದರೆ ಅದರ ಮೇಲೆ ಹತ್ತಾರು ಮೀಟರ್ ದಪ್ಪಕ್ಕೆ, ಕಲ್ಲು ಸವೆದು ಮಣ್ಣಾದ ಹೊದಿಕೆ. ಹೊದಿಕೆ ತೆಗೆಯದೆ ಕೆಳಗೇನಿದೆ ಅಂತ ಊಹಿಸಬೇಕು. ವಿಮಾನದಿಂದ ನೆಲದ ಕಾಂತಶಕ್ತಿ ಅಳೆಯುತ್ತಾರೆ. ಗುರುತ್ವದ ಏರಿಳಿತ ಅಳೆಯುತ್ತಾರೆ. ಮರದ ಎಲೆಯನ್ನೂ ಬಿಡುವುದಿಲ್ಲ. ಅಮ್ಮ, ಇದು ನಿನಗೆ ಇಷ್ಟವಾಗುತ್ತದೆ: 2013ರಲ್ಲಿ ಇಲ್ಲಿನ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒ, ಇದೇ ಸೀಮೆಯ ನೀಲಗಿರಿ ಮರಗಳ ಎಲೆಯೊಳಗೆ ಚಿನ್ನದ ಕಣ ಇರುವುದನ್ನು ತೋರಿಸಿತು. ನೀರಿಗಾಗಿ ಬೇರು ಹತ್ತಾರು ಮೀಟರ್ ಇಳಿಯುತ್ತದೆ. ನೀರಿನ ಜೊತೆ ಚಿನ್ನವೂ ಬರುತ್ತದೆ. ಮರಕ್ಕೆ ಅದು ಬೇಡ, ಎಲೆಗೆ ತಳ್ಳಿಬಿಡುತ್ತದೆ. ಆಸೆಪಡಬೇಡ, ಒಂದು ಉಂಗುರಕ್ಕೆ ಅಂಥ 500 ಮರ ಬೇಕು ಅಂತ ಅವರೇ ಲೆಕ್ಕ ಹೇಳಿದ್ದಾರೆ. ನಮಗೆ ಬೇಕಾಗಿದ್ದು ಚಿನ್ನವಲ್ಲ, ಸುಳಿವು.

ಸುಳಿವು ಸಿಕ್ಕ ಮೇಲೆ ಕೊರೆಯಲೇಬೇಕು. ಬೋರ್‌ವೆಲ್ ಲಾರಿ ನೋಡಿದ್ದೀರಲ್ಲ, ನಮ್ಮ ರಿಗ್ ಅದರ ದೊಡ್ಡಣ್ಣ. ಆದರೆ ಇಲ್ಲಿ ಕೊಳವೆಯೊಳಗೆ ಇನ್ನೊಂದು ಕೊಳವೆ. ಗಾಳಿ ಹೊರಗಿನ ಸಂದಿಯಲ್ಲಿ ಇಳಿದು, ಒಳಗಿನ ಕೊಳವೆಯಲ್ಲಿ ಕಲ್ಲಿನ ಪುಡಿ ಹೊತ್ತುಕೊಂಡು ಮೇಲೆ ಬರುತ್ತದೆ. ಹಾಗಾಗಿ 80ನೇ ಮೀಟರಿನ ಪುಡಿಗೆ 20ನೇ ಮೀಟರಿನ ಮಣ್ಣು ಬೆರೆಯುವುದಿಲ್ಲ. ಮೀಟರಿಗೊಂದು ಚೀಲ, ಚೀಲಕ್ಕೊಂದು ನಂಬರ್. ಟನ್ನಿಗೆ ಒಂದು ಗ್ರಾಂ ಇದ್ದರೂ ದೊಡ್ಡ ತೆರೆದ ಗಣಿಗೆ ಸಾಕಾಗಬಹುದು. ಅಷ್ಟು ಕಡಿಮೆ ಚಿನ್ನ ಕಣ್ಣಿಗೆ ಎಲ್ಲಿ ಕಾಣಬೇಕು? ಲ್ಯಾಬ್ ಹೇಳಿದ್ದನ್ನೇ ನಂಬಬೇಕು.

ಲ್ಯಾಬನ್ನು ಸುಮ್ನೆ ನಂಬುವುದಿಲ್ಲ, ನಮ್ಮನ್ನೂ ಯಾರೂ ನಂಬುವುದಿಲ್ಲ. ಅದಕ್ಕೇ ಚೀಲಗಳ ಮಧ್ಯೆ ಅಲ್ಲಲ್ಲಿ ಕಳ್ಳ ಚೀಲ ಸೇರಿಸುತ್ತೇವೆ. ಕೆಲವದರಲ್ಲಿ ಎಷ್ಟು ಚಿನ್ನ ಇದೆ ಅಂತ ನಮಗೆ ಮೊದಲೇ ಗೊತ್ತು. ಕೆಲವದರಲ್ಲಿ ಬರೀ ಮರಳು. ಕಳೆದ ತಿಂಗಳು ಬರೀ ಮರಳಿನ ಚೀಲಕ್ಕೆ ಚಿನ್ನ ಇದೆ ಅಂತ ಉತ್ತರ ಬಂತು! ಪಕ್ಕದ ಚೀಲಕ್ಕೆ ಏನೂ ಇಲ್ಲ. ನಾನೇ ನಂಬರ್ ಅದಲುಬದಲು ಮಾಡಿದ್ದೆ. ಮೇಲಿನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ದಿನದ ಎಲ್ಲ ಚೀಲಗಳನ್ನೂ ಮತ್ತೆ ತೆಗೆದು ನೋಡು ಅಂದರು. ಎರಡು ದಿನ ಬಿಸಿಲಲ್ಲಿ ಕೂತು ನೋಡಿದೆ. ಅಪ್ಪ, ಇದನ್ನು ಚಿಕ್ಕಪ್ಪನಿಗೆ ಹೇಳಬೇಡಿ.

ಲ್ಯಾಬಿನ ಕೆಲಸವೂ ಬದಲಾಗುತ್ತಿದೆ. ಹಳೆಯ ಪದ್ಧತಿಯಲ್ಲಿ ಕಲ್ಲನ್ನು ಹಿಟ್ಟಿನ ಹಾಗೆ ನುಣ್ಣಗೆ ಪುಡಿಮಾಡಿ, ಅದರಲ್ಲಿ ಸುಮಾರು 50 ಗ್ರಾಂ ತೆಗೆದು, ಸೀಸದ ಆಕ್ಸೈಡ್ ಜೊತೆ ಸಾವಿರ ಡಿಗ್ರಿಗೂ ಜಾಸ್ತಿ ಬಿಸಿಯಲ್ಲಿ ಕರಗಿಸುತ್ತಾರೆ. ಸೀಸ ಚಿನ್ನವನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಆಮೇಲೆ ಸೀಸವನ್ನು ಹೀರುವ ಪುಟ್ಟ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ ಸಾಸಿವೆಗಿಂತ ಚಿಕ್ಕ ಮಣಿ ಉಳಿಯುತ್ತದೆ. ನೋಡೋಕೆ ಚೆಂದ. ಆದರೆ ಸೀಸದ ಹೊಗೆ, ದಿನಗಟ್ಟಲೆ ಕಾಯುವಿಕೆ. ಈಗ ಫೋಟಾನ್‌ಅಸ್ಸೇ ಅಂತ ಬಂದಿದೆ, ಅದೂ ಸಿಎಸ್‌ಐಆರ್‌ಒ ಕೆಲಸದಿಂದಲೇ ಹುಟ್ಟಿದ್ದು. ಸುಮಾರು ಅರ್ಧ ಕಿಲೋ ಪುಡಿಯನ್ನು ಡಬ್ಬಿಗೆ ಹಾಕಿ ಬಲವಾದ ಎಕ್ಸ್‌-ರೇ ಹಾಯಿಸುತ್ತಾರೆ. ಚಿನ್ನದ ಪರಮಾಣುಗಳು ಕ್ಷಣಕಾಲ ಕೆರಳಿ ತಮ್ಮದೇ ಗುರುತಿನ ಗಾಮಾ ಕಿರಣ ಬಿಡುತ್ತವೆ. ಅದನ್ನು ಎಣಿಸಿದರೆ ಆಯಿತು. ಕೆಲವೇ ನಿಮಿಷ. ಸೀಸವೂ ಇಲ್ಲ, ಸ್ಯಾಂಪಲ್ ಹಾಳಾಗುವುದೂ ಇಲ್ಲ. ನನಗೆ ವೇಗಕ್ಕಿಂತ ಆ ಅರ್ಧ ಕಿಲೋ ಮುಖ್ಯ. ಚಿನ್ನ ಕಲ್ಲಿನಲ್ಲಿ ಸಮನಾಗಿ ಹರಡಿರುವುದಿಲ್ಲ. ಸ್ಯಾಂಪಲ್ ಚಿಕ್ಕದಾದಷ್ಟೂ ಒಂದು ದಪ್ಪ ಕಣ ಒಳಗೆ ಬಿದ್ದರೆ ಭಾರಿ ಅದಿರು, ತಪ್ಪಿದರೆ ಬರಿಗಲ್ಲು.

ಮೋಸವನ್ನೂ ಹೇಳಿಬಿಡುತ್ತೇನೆ. ಕೆನಡಾದ ಬ್ರಿ-ಎಕ್ಸ್ ಅನ್ನುವ ಕಂಪನಿ ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಲೋಕದಲ್ಲೇ ದೊಡ್ಡ ಚಿನ್ನದ ನಿಕ್ಷೇಪ ಸಿಕ್ಕಿತು ಅಂದಿತ್ತು. ಸ್ಯಾಂಪಲ್‌ಗಳಿಗೆ ಹೊರಗಿನ ಚಿನ್ನ ಬೆರೆಸಿದ್ದರು ಅಂತ 1997ರಲ್ಲಿ ಬಯಲಾಯಿತು. ಜನರ ದುಡ್ಡು ಮುಳುಗಿತು. ಪುಡಿಯ ಬದಲು ಕಲ್ಲನ್ನು ಇಡಿಯಾಗಿ ಕೋಲಿನ ಹಾಗೆ ಕೊರೆದು ತೆಗೆಯುವುದೂ ಉಂಟು. ಆ ಕೋಲನ್ನು ಉದ್ದಕ್ಕೆ ಸೀಳಿ, ಅರ್ಧ ಲ್ಯಾಬಿಗೆ ಕಳಿಸಿ, ಅರ್ಧ ಜೋಪಾನವಾಗಿ ಇಡುವುದು ವಾಡಿಕೆ. ಬುಸಾಂಗ್‌ನಲ್ಲಿ ಬಹುಪಾಲು ಇಡೀ ಕೋಲನ್ನೇ ಪುಡಿಮಾಡಿದ್ದರು. ಮತ್ತೆ ನೋಡೋಣ ಅಂದರೆ ಏನೂ ಉಳಿದಿರಲಿಲ್ಲ. ಇಟ್ಟ ಅರ್ಧಕ್ಕೆ ಬೆಲೆ ಏನು ಅಂತ ನನಗೆ ಇಲ್ಲಿ ಗೊತ್ತಾಯಿತು. ಕಲ್‌ಗೂರ್ಲಿಯಲ್ಲಿ ಸರ್ಕಾರದ್ದೇ ಒಂದು ಕಲ್ಲುಕೋಲಿನ ಗ್ರಂಥಾಲಯ ಇದೆ, ಜೋ ಲಾರ್ಡ್ ಹೆಸರಿನದು. ಬೇರೆಯವರು ಬೇಡ ಅಂತ ಬಿಟ್ಟುಹೋದ ಕಲ್ಲನ್ನು ನಾನು ಹೋಗಿ ಟ್ರೇ ಎಳೆದು ನೋಡಬಹುದು.

ಹಂಚಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಕಥೆ ಇದೆ. 2000ದ ಮಾರ್ಚ್‌ನಲ್ಲಿ ಗೋಲ್ಡ್‌ಕಾರ್ಪ್ ಕಂಪನಿಯ ಮುಖ್ಯಸ್ಥ ರಾಬ್ ಮ್ಯಾಕ್‌ಈವನ್, ಕೆನಡಾದ ರೆಡ್ ಲೇಕ್ ಗಣಿಯ ಗುಟ್ಟಿನ ಮಾಹಿತಿಯನ್ನೆಲ್ಲ ಇಂಟರ್ನೆಟ್‌ಗೆ ಹಾಕಿಬಿಟ್ಟರು. ಎಲ್ಲಿ ಕೊರೆಯಬೇಕು ಹೇಳಿ, ಒಟ್ಟು 5,75,000 ಡಾಲರ್ ಬಹುಮಾನ ಅಂದರು. ಗಣಿಯವರ ಲೋಕದಲ್ಲಿ ಇದು ಮನೆ ಬೀಗದ ಕೈಯನ್ನು ಬೀದಿಯಲ್ಲಿ ನೇತುಹಾಕಿದ ಹಾಗೆ. ಮೊದಲ ಬಹುಮಾನ ಗೆದ್ದವರು ಇದೇ ಪಶ್ಚಿಮ ಆಸ್ಟ್ರೇಲಿಯಾದವರು. ಆ ಗಣಿಯನ್ನು ಕಣ್ಣಾರೆ ಕಂಡವರೇ ಅಲ್ಲ! ಕಂಪ್ಯೂಟರಿನಲ್ಲಿ ಮೂರು ಆಯಾಮದ ನಕ್ಷೆ ಕಟ್ಟಿ ಗೆದ್ದರು.

ತಮ್ಮನ ಪ್ರಶ್ನೆಗೆ ಚಿಕ್ಕ ಉತ್ತರ: ಹೌದು, ಡ್ರೈವರ್ ಇಲ್ಲದ ಲಾರಿಗಳು ನಿಜ. ಉತ್ತರದ ಪಿಲ್ಬರಾ ಸೀಮೆಯ ಕಬ್ಬಿಣದ ಗಣಿಗಳಲ್ಲಿ ಓಡುತ್ತವೆ. ರೈಲೂ ಹಾಗೇ ಓಡುತ್ತದೆ. ಸುಮಾರು 1,500 ಕಿಲೋಮೀಟರ್ ದೂರದ ಪರ್ತ್‌ನಲ್ಲಿ ಕೂತು ನೋಡಿಕೊಳ್ಳುತ್ತಾರೆ. ನಾನಿರುವ ಕಡೆ ಇಲ್ಲ.

ಅದೇ ಪಿಲ್ಬರಾದಲ್ಲಿ 2020ರಲ್ಲಿ ಜೂಕನ್ ಗಾರ್ಜ್‌ನ ಗುಹೆಗಳನ್ನು ಕಬ್ಬಿಣದ ಅದಿರಿಗಾಗಿ ಸಿಡಿಸಿದರು. 46,000 ವರ್ಷದ ಹಿಂದೆ ಮನುಷ್ಯರು ಇದ್ದ ಜಾಗ. ಕಾನೂನಿನ ಪ್ರಕಾರ ಅನುಮತಿ ಇತ್ತು. ಈ ವಿಷಯದಲ್ಲಿ ನನ್ನ ಮನಸ್ಸಿಗೆ ಇನ್ನೂ ಸಮಾಧಾನವಿಲ್ಲ. ನಮ್ಮ ರಿಗ್ ಹೋಗುವ ಮೊದಲು ಆ ನೆಲದ ಮೂಲ ಜನ ಬಂದು ನಡೆದು ನೋಡುತ್ತಾರೆ. ಇಲ್ಲಿ ಬೇಡ ಅಂದ ಕಡೆ ನಾವು ದಾರಿ ಬದಲಿಸುತ್ತೇವೆ. ಅವರ "ಇಲ್ಲ"ಕ್ಕೆ ಲ್ಯಾಬ್ ಬೇಕಾಗಿಲ್ಲ.

ಅಪ್ಪ, ದಕ್ಷಿಣ ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಮ್ ಅನ್ನುವ ಭಾರಿ ತಾಮ್ರದ ಗಣಿ 300 ಮೀಟರಿಗೂ ಜಾಸ್ತಿ ಬರಿಗಲ್ಲಿನ ಕೆಳಗಿತ್ತು. 1975ರಲ್ಲಿ ಮೊದಲ ಕೊರೆತದಲ್ಲೇ ತಾಮ್ರ ಕಂಡಿತು. ಆದರೆ ದೊಡ್ಡದು ಅಂತ ಖಾತ್ರಿಯಾಗಿದ್ದು ಹತ್ತನೇ ಕೊರೆತದಲ್ಲಿ. ನಾವು ನಾಳೆ ಏಳನೆಯದು ಶುರು ಮಾಡುತ್ತೇವೆ. ಮುಂದಿನ ಸಲ ಫೋನಿನಲ್ಲಿ "ಎಷ್ಟನೆಯದು?" ಅಂತ ಕೇಳಿ. ಅದಕ್ಕಾದರೆ ನನ್ನ ಹತ್ತಿರ ಉತ್ತರ ಇರುತ್ತದೆ.

ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು, ಮಲಗುತ್ತೇನೆ.

ನಿಮ್ಮ ಮಗಳು