ವಿಮಾನದ ವೇಳೆಯ ಜೊತೆ ಹಾರಾಟದ ಅವಧಿಯನ್ನೂ ಮುದ್ರಿಸಿ

ಮಾನ್ಯ ಸಂಪಾದಕರೇ,

ಹೊಸ ವಿಮಾನ ಸೇವೆಯ ಸುದ್ದಿ ಬರುವಾಗ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಹೊರಡುವ ಮತ್ತು ತಲುಪುವ ವೇಳೆಯಷ್ಟೇ ಇರುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೋ ದೆಹಲಿಗೋ ಹೋಗುವವರಿಗೆ ಅಷ್ಟು ಸಾಕು, ಏಕೆಂದರೆ ದೇಶಕ್ಕೆಲ್ಲ ಗಡಿಯಾರ ಒಂದೇ. ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿ-ಧಾರವಾಡದಿಂದ ಅಮೆರಿಕಕ್ಕೆ ಹೊರಡುವ ಹಿರಿಯರಿಗೆ ಮಾತ್ರ ಅದು ಸಾಲದು.

ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ತಾಸು ಹಿಂದಿರುತ್ತದೆ. ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟ ವಿಮಾನವು ನಡುವೆ ಎಲ್ಲಿಯೂ ಇಳಿಯದೆ 16 ತಾಸು ಹಾರಿತು ಎಂದುಕೊಳ್ಳೋಣ; ಅಲ್ಲಿ ಇಳಿದಾಗ ಅದೇ ದಿನದ ಸಂಜೆ 4.30. ಟಿಕೆಟ್ಟಿನ ಒಂದು ವೇಳೆಯಿಂದ ಇನ್ನೊಂದನ್ನು ಕಳೆದವರಿಗೆ ಸಿಗುವುದು ಎರಡೂವರೆ ತಾಸು! ಮರಳುವಾಗ ಇದು ತಿರುವುಮುರುವಾಗುತ್ತದೆ. ಸೋಮವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟು 17 ತಾಸು ಹಾರಿದರೆ ಬೆಂಗಳೂರಿನಲ್ಲಿ ಬುಧವಾರ ನಸುಕಿನ 3.30 ಆಗಿರುತ್ತದೆ, ಕರೆತರಲು ಇಲ್ಲಿಂದ ಹೋಗುವವರು ಯಾವ ದಿನದ ರೈಲು ಹಿಡಿಯಬೇಕೆಂದು ತಲೆ ಕೆರೆದುಕೊಳ್ಳುತ್ತಾರೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಮೆರಿಕದವರು ಗಡಿಯಾರವನ್ನು ಒಂದು ತಾಸು ಮುಂದಿಡುವುದರಿಂದ ಈ ಲೆಕ್ಕವೂ ಬದಲಾಗುತ್ತದೆ.

ಕಿಲೋಮೀಟರ್ ಕೊಟ್ಟರೆ ಸಾಲದೇ ಎನ್ನಬಹುದು. ಈ ಎರಡು ನಿಲ್ದಾಣಗಳ ನಡುವಿನ ಅತಿ ಕಡಿಮೆ ದೂರ ಸುಮಾರು 14,000 ಕಿ.ಮೀ. ಗೋಡೆಯ ನಕಾಶೆಯಲ್ಲಿ ಗೆರೆ ಎಳೆದರೆ ಆ ದಾರಿ ಪೂರ್ವ-ಪಶ್ಚಿಮವಾಗಿ ಸಾಗರ ದಾಟಿ ಹೋಗುವಂತೆ ಕಾಣುತ್ತದೆ. ಶಾಲೆಯ ಗ್ಲೋಬಿನ ಮೇಲೆ ದಾರ ಬಿಗಿದು ಹಿಡಿದರೆ ಅದು ಉತ್ತರ ಧ್ರುವದ ಬಳಿ ಹಾದು ಬರುತ್ತದೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ-ಬೆಂಗಳೂರು ನೇರ ವಿಮಾನ ಬಂದದ್ದು ಆ ದಾರಿಯಲ್ಲೇ. ಆದರೆ ದಾರದ ದೂರವನ್ನೇ ನಂಬಿ ತಾಸುಗಳನ್ನು ಹೇಳಲಾಗದು. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿ ಒಂದು ದಿಕ್ಕಿನ ಪ್ರಯಾಣವನ್ನು ಚುರುಕುಗೊಳಿಸಿ, ಇನ್ನೊಂದನ್ನು ನಿಧಾನಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮ ದೇಶಗಳಿಗೆ ಹೋಗುವ ವಿಮಾನಗಳು ಸುತ್ತುಬಳಸಿ ಹಾರಬೇಕಾಯಿತು. ಊರುಗಳ ನಡುವಿನ ದೂರ ಒಂದು ಕಿಲೋಮೀಟರೂ ಹೆಚ್ಚಲಿಲ್ಲ, ಪ್ರಯಾಣದ ಅವಧಿ ಮಾತ್ರ ಹೆಚ್ಚಿತು.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರು ಇನ್ಸುಲಿನ್ ಮತ್ತು ಗುಳಿಗೆಗಳ ವೇಳೆಯನ್ನು ವೈದ್ಯರಲ್ಲಿ ಕೇಳಿ ಗೊತ್ತುಮಾಡಿಕೊಳ್ಳಬೇಕಾದರೆ ಬೇಕಾಗುವುದು ನಿಜವಾಗಿ ಕಳೆಯುವ ತಾಸುಗಳು. ಅದಕ್ಕೆ ಹುಬ್ಬಳ್ಳಿಯಿಂದ ದೇವನಹಳ್ಳಿ ಮುಟ್ಟುವ ಹೊತ್ತು, ಅಲ್ಲಿ ಮೂರು ತಾಸು ಮೊದಲೇ ಹೋಗಿ ಕಾಯುವ ಹೊತ್ತು ಬೇರೆ ಸೇರಬೇಕು. ಆದ್ದರಿಂದ ವಿದೇಶಿ ವಿಮಾನಗಳ ಸುದ್ದಿ ಹಾಗೂ ಜಾಹೀರಾತುಗಳಲ್ಲಿ ಹೋಗುವ ಮತ್ತು ಬರುವ ಹಾರಾಟದ ಅವಧಿಯನ್ನು ಬೇರೆಬೇರೆಯಾಗಿ, ನಡುವಿನ ನಿಲುಗಡೆಯನ್ನೂ ಸೇರಿಸಿ ಮುದ್ರಿಸಬೇಕೆಂದು, ತಲುಪುವ ವೇಳೆಯ ಮುಂದೆ 'ಸ್ಥಳೀಯ ಸಮಯ' ಎಂದು ವಾರದ ಸಮೇತ ನಮೂದಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಭೂಗೋಳ ಶಿಕ್ಷಕ, ಧಾರವಾಡ