ಕಡಲು ದಾಟಿದ ಕಡಸುಗಳು

ಪ್ರೀತಿಯ ಗೆಳೆಯ,

ಯುದ್ಧ ಮುಗಿದ ಮೇಲೆ ಬರುವ ನೆರವೆಲ್ಲ ಗೆದ್ದವರ ಪ್ರಚಾರ ಅಂತ ಹೋದ ಪತ್ರದಲ್ಲಿ ನೀನು ಬರೆದಿದ್ದೆ. ಪೂರ್ತಿ ತಳ್ಳಿಹಾಕುವ ಮಾತಲ್ಲ ಅದು. ಆದರೆ ಎರಡನೇ ಮಹಾಯುದ್ಧದ ಬೆನ್ನಿಗೇ ಹಡಗುಗಳಲ್ಲಿ ದನ, ಕುದುರೆ ಸಾಗಿಸಿದ ಕತೆ ಓದಿದ ಮೇಲೆ ನಿನ್ನ ಮಾತಿಗೆ ತಲೆಯಾಡಿಸಿ ಸುಮ್ಮನಿರಲಾಗುತ್ತಿಲ್ಲ.

1943ರ ನವೆಂಬರ್ 9ರಂದು ವಾಷಿಂಗ್ಟನ್ನಿನಲ್ಲಿ 44 ದೇಶಗಳು ಸಹಿ ಹಾಕಿ ಯುದ್ಧದಲ್ಲಿ ನಲುಗಿದ ನಾಡುಗಳಿಗೆ ನೆರವಾಗಲು 'ಅನ್ರಾ' (UNRRA) ಎಂಬ ಪರಿಹಾರ ಸಂಸ್ಥೆ ಕಟ್ಟಿದವು. ಶತ್ರುವಿನ ವಶವಾಗದ ದೇಶಗಳು ವರ್ಷದ ರಾಷ್ಟ್ರೀಯ ಆದಾಯದಲ್ಲಿ ಸುಮಾರು ಶೇಕಡಾ 1ರಷ್ಟು ಕೊಡಬೇಕೆಂದು ಗೊತ್ತಾಯಿತು. ಗೋಧಿ, ಬಟ್ಟೆ, ಔಷಧಿ ಎಲ್ಲ ಸರಿ. ಆದರೆ ಪೋಲೆಂಡಿನ ಅರ್ಧಕ್ಕೂ ಹೆಚ್ಚು ಕುದುರೆಗಳು ಯುದ್ಧದಲ್ಲಿ ಹೋಗಿಬಿಟ್ಟಿದ್ದವು. ನೆಲ ಇದೆ, ರೈತ ಇದ್ದಾನೆ, ನೇಗಿಲು ಎಳೆಯುವವರಿಲ್ಲ. ಗೋಧಿ ಎಷ್ಟು ವರ್ಷ ಅಂತ ಕಳಿಸುವುದು?

ಇದನ್ನು ಮೊದಲೇ ಕಂಡುಕೊಂಡಿದ್ದವನು ಡ್ಯಾನ್ ವೆಸ್ಟ್, ಅಮೆರಿಕದ ಇಂಡಿಯಾನಾದ ರೈತ. ಸ್ಪೇನಿನ ಅಂತರ್ಯುದ್ಧದಲ್ಲಿ ಮಕ್ಕಳಿಗೆ ಹಾಲು ಹಂಚುತ್ತಿದ್ದ. ತಂದ ಹಾಲಿನ ಪುಡಿ ಸಾಲುತ್ತಿರಲಿಲ್ಲ. ಲೋಟ ಹಾಲಿನ ಬದಲು ಹಸುವನ್ನೇ ಕೊಟ್ಟರೆ ಅನ್ನುವ ಯೋಚನೆ ಅಲ್ಲಿ ಹುಟ್ಟಿತು. ಊರಿಗೆ ಮರಳಿ ತನ್ನ ಚರ್ಚಿನವರನ್ನು ಒಪ್ಪಿಸಿ, ಗಬ್ಬದ ಕಡಸುಗಳನ್ನು ಕಳಿಸುವ ಯೋಜನೆ ಶುರು ಮಾಡಿದ. ಆಮೇಲೆ ಅನ್ರಾ ಜತೆ ಒಪ್ಪಂದವಾಯಿತು: ಕಡಸುಗಳಿಗೆ ಹಡಗಿನಲ್ಲಿ ಪುಕ್ಕಟೆ ಜಾಗ, ಅದಕ್ಕೆ ಪ್ರತಿಯಾಗಿ ಅನ್ರಾ ತಾನೇ ಕಳಿಸುತ್ತಿದ್ದ ಪ್ರಾಣಿಗಳನ್ನು ಹಡಗಿನಲ್ಲಿ ನೋಡಿಕೊಳ್ಳುವ ಜನರನ್ನು ಒದಗಿಸುವುದು ಚರ್ಚಿನವರ ಹೊಣೆ.

ಹೀಗೆ 1945ರಿಂದ 1947ರವರೆಗೆ ಸುಮಾರು 7,000 ಮಂದಿ ಕಡಲ ಮೇಲಿನ ದನಗಾಹಿಗಳಾದರು. ರೈತರು, ಮೇಷ್ಟ್ರುಗಳು, ಪಾದ್ರಿಗಳು, ಓದುವ ಹುಡುಗರು, ಧರ್ಮದ ಕಾರಣಕ್ಕೆ ಬಂದೂಕು ಮುಟ್ಟೆ ಅಂದವರು. ಹಸುವಿನ ಹತ್ತಿರವೇ ಸುಳಿಯದವರೂ ಇದ್ದರು. ಸಾಗಿಸಿದ್ದು ಸುಮಾರು 3 ಲಕ್ಷ ಪ್ರಾಣಿಗಳನ್ನು. ಒಣಹುಲ್ಲು ಹಾಕು, ನೀರು ಹೊರು, ಸಗಣಿ ಬಾಚು, ಅಟ್ಲಾಂಟಿಕ್ ಹೊಯ್ದಾಡುವಾಗ ಈಯುವ ಕುದುರೆಯ ಪಕ್ಕ ಕೂರು, ಸತ್ತದ್ದನ್ನು ಕಡಲಿಗೆ ತಳ್ಳು. ಒಂದು ಸಲಕ್ಕೆ 150 ಡಾಲರ್. ಇದಲ್ಲದೆ ನಾವಿಕರ ಪಟ್ಟಿಯಲ್ಲಿ ಹೆಸರಿರಬೇಕೆಂಬ ಕಾನೂನಿಗಾಗಿ ತಿಂಗಳಿಗೆ 1 ಸೆಂಟ್ ಸಂಬಳ! ಅದನ್ನು ಲೆಕ್ಕಕ್ಕೆ ಬರೆದ ಗುಮಾಸ್ತನಿಗೆ ದೊಡ್ಡ ನಮಸ್ಕಾರ.

ನಿನ್ನ ಸಿಟ್ಟು ನ್ಯಾಯವೇ ಆಗುವ ಜಾಗ ಒಂದಿದೆ. ಆ ಸಹಿ ಬಿದ್ದ ವರ್ಷವೇ ಬಂಗಾಳದಲ್ಲಿ ಜನ ಲಕ್ಷಗಟ್ಟಲೆ ಹಸಿವಿನಿಂದ ಸತ್ತರು. ಅನ್ರಾ ಇದ್ದದ್ದು ಶತ್ರುವಿನಿಂದ ಬಿಡಿಸಿಕೊಂಡ ನಾಡುಗಳಿಗಾಗಿ. ಬಂಗಾಳ ಬ್ರಿಟಿಷರ ಕೈಯಲ್ಲೇ ಇತ್ತು, ಹಾಗಾಗಿ ಲೆಕ್ಕಕ್ಕೆ ಬರಲಿಲ್ಲ. ಆದರೂ ಸಹಿ ಹಾಕಿದ 44ರಲ್ಲಿ ಭಾರತವೂ ಒಂದು, ತನ್ನ ಪಾಲನ್ನೂ ಕೊಟ್ಟಿತು. ಓದಿದಾಗ ಪುಸ್ತಕ ಮುಚ್ಚಿಟ್ಟೆ.

ಅನ್ರಾದ ಬಾಳೂ ಹೆಚ್ಚು ದಿನದ್ದಲ್ಲ. ಬಹುಪಾಲು ಹಣ ಕೊಡುತ್ತಿದ್ದ ಅಮೆರಿಕಕ್ಕೆ, ಕಮ್ಯುನಿಸ್ಟರ ಕೈಸೇರುತ್ತಿದ್ದ ದೇಶಗಳಿಗೆ ಯಾಕೆ ಕಳಿಸಬೇಕು ಅನ್ನಿಸತೊಡಗಿತು. 1947ರಲ್ಲಿ ಯುರೋಪಿನ ಕೆಲಸ ನಿಂತಿತು. ಉಳಿದ ಹಣ, ಕೆಲಸಗಳಲ್ಲಿ ಒಂದಿಷ್ಟು ಹೊಸದಾಗಿ ಹುಟ್ಟಿದ್ದ ಯುನಿಸೆಫ್‌ಗೆ ಹೋಯಿತು.

ವೆಸ್ಟ್ ಯೋಜನೆಯಲ್ಲಿ ಒಂದು ಷರತ್ತಿತ್ತು: ಕೊಟ್ಟ ಹಸು ಈದ ಮೊದಲ ಹೆಣ್ಣುಕರುವನ್ನು ಇನ್ನೊಂದು ಬಡ ಮನೆಗೆ ಕೊಡಬೇಕು. ಪಡೆದವನನ್ನೇ ದಾನಿಯಾಗಿಸುವ ಷರತ್ತು ಬರೀ ಪ್ರಚಾರ ಬೇಕಾದವನಿಗೆ ಯಾಕೆ ಬೇಕು, ಹೇಳು? ನಿನ್ನ ವಾದವನ್ನು ಬರೆ. ಬಂಗಾಳವನ್ನು ಮಾತ್ರ ಎತ್ತಬೇಡ, ಅಲ್ಲಿ ನಾನು ಆಗಲೇ ಸೋತಿದ್ದೇನೆ.

ಇಂತಿ,
ನಿನ್ನ ಗೆಳೆಯ